ಬ್ರೂನೋ ಸಮ್ಮಾರ್ಟಿನೊ

ಬ್ರೂನೋ ಲಿಯೊಪೊಲ್ಡೊ ಫ್ರಾನ್ಸೆಸ್ಕೊ ಸಮ್ಮಾರ್ಟಿನೊ (ಅಕ್ಟೋಬರ್ 6, 1935 – ಏಪ್ರಿಲ್ 18, 2018) ಇಟಲಿಯಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ವೃತ್ತಿಪರ ಕುಸ್ತಿಪಟು. ಇಂದು ಡಬ್ಲ್ಯುಡಬ್ಲ್ಯುಇ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯ ಪೂರ್ವರೂಪವಾದ ವರ್ಲ್ಡ್ ವೈಡ್ ರೆಸ್ಲಿಂಗ್ ಫೆಡರೇಶನ್‌ನ ಚಾಂಪಿಯನ್ ಪಟ್ಟವನ್ನು ಅವರು ಎರಡು ಬಾರಿ ಧರಿಸಿದರು. 1963ರ ಮೇ 17ರಿಂದ 1971ರ ಜನವರಿ 18ರವರೆಗಿನ ಮೊದಲ ಅವಧಿ 2,803 ದಿನಗಳಷ್ಟು ದೀರ್ಘವಾದದ್ದು. ಎರಡೂ ಅವಧಿಗಳನ್ನು ಕೂಡಿಸಿದರೆ 4,040 ದಿನಗಳಾಗುತ್ತವೆ. ಆ ಸಂಸ್ಥೆಯ ಪುರುಷರ ವಿಶ್ವ ಚಾಂಪಿಯನ್ ಪಟ್ಟದ ಇತಿಹಾಸದಲ್ಲಿ ಇವೆರಡೂ ದಾಖಲೆಗಳಾಗಿ ಉಳಿದಿವೆ.

ವೃತ್ತಿಪರ ಕುಸ್ತಿಯಲ್ಲಿ ಹೆಸರು, ಹುಟ್ಟೂರು, ರಾಷ್ಟ್ರೀಯತೆ ಎಲ್ಲವೂ ವೇಷದ ಭಾಗವಾಗಿರುವುದು ಸಾಮಾನ್ಯ. ಸಮ್ಮಾರ್ಟಿನೊ ಅವರಾದರೋ ತಂದೆತಾಯಿ ಇಟ್ಟ ಹೆಸರಿನಲ್ಲಿ, ತಾವು ನಿಜವಾಗಿ ಹುಟ್ಟಿದ ಊರನ್ನೇ ಹೇಳಿಕೊಂಡು ಕಣಕ್ಕಿಳಿದವರು. ಅಮೆರಿಕದ ಈಶಾನ್ಯ ಭಾಗದ ನಗರಗಳಲ್ಲಿ ದುಡಿಯುತ್ತಿದ್ದ ವಲಸಿಗ ಕುಟುಂಬಗಳು ಅವರಲ್ಲಿ ತಮ್ಮನ್ನೇ ಕಂಡುಕೊಂಡವು. ಅವರ ದೀರ್ಘ ಯಶಸ್ಸಿಗೆ ದೇಹಬಲದಷ್ಟೇ ಮುಖ್ಯವಾದ ಕಾರಣ ಇದಾಗಿತ್ತು.

ಬಾಲ್ಯ ಮತ್ತು ಯುದ್ಧಕಾಲ

ಸಮ್ಮಾರ್ಟಿನೊ ಹುಟ್ಟಿದ್ದು ಮಧ್ಯ ಇಟಲಿಯ ಅಬ್ರುಜ್ಜೊ ಪ್ರಾಂತ್ಯದ ಪಿಜ್ಜೊಫೆರಾಟೊ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ತಂದೆ ಅಲ್ಫೊನ್ಸೊ, ತಾಯಿ ಎಮಿಲಿಯ. ಏಳು ಮಕ್ಕಳಲ್ಲಿ ಬ್ರೂನೋ ಕಿರಿಯವರು. ಒಡಹುಟ್ಟಿದವರಲ್ಲಿ ನಾಲ್ವರು ಇಟಲಿಯಲ್ಲಿದ್ದಾಗಲೇ ತೀರಿಕೊಂಡರು. ಬ್ರೂನೋ ನಾಲ್ಕು ವರ್ಷದವರಿದ್ದಾಗ ತಂದೆ ಜೀವನೋಪಾಯ ಅರಸಿ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ನೆಲೆಸಿದರು. ಕುಟುಂಬವನ್ನು ಕರೆಸಿಕೊಳ್ಳುವ ಮೊದಲೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಹೀಗಾಗಿ ಸುಮಾರು ಹತ್ತು ವರ್ಷ ತಂದೆ ಒಂದು ಖಂಡದಲ್ಲಿ, ಹೆಂಡತಿ ಮಕ್ಕಳು ಇನ್ನೊಂದು ಖಂಡದಲ್ಲಿ ಬದುಕಬೇಕಾಯಿತು.

1943ರಲ್ಲಿ ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾದ ಮೇಲೆ ಜರ್ಮನ್ ಸೇನೆ ಅಬ್ರುಜ್ಜೊದ ಹಳ್ಳಿಗಳನ್ನು ವಶಪಡಿಸಿಕೊಂಡಿತು. ಎಮಿಲಿಯ ಮಕ್ಕಳನ್ನು ಕರೆದುಕೊಂಡು ಸಮೀಪದ ವಲ್ಲ ರೊಕ್ಕ ಬೆಟ್ಟಕ್ಕೆ ಓಡಿಹೋದರು. ತಿಂಗಳುಗಟ್ಟಲೆ ಅಲ್ಲೇ ಅಡಗಿಕೊಂಡಿದ್ದ ಮಕ್ಕಳಿಗೆ ಆಹಾರ ತರಲು ಆಕೆ ಕತ್ತಲಲ್ಲಿ ಬೆಟ್ಟವಿಳಿದು, ಸೈನಿಕರಿದ್ದ ತಮ್ಮದೇ ಹಳ್ಳಿಗೆ ಕದ್ದು ಹೋಗಿಬರುತ್ತಿದ್ದರು. ತಾಯಿ ಮರಳುವವರೆಗೆ ಮಕ್ಕಳು ಹಸಿವು ಮತ್ತು ಚಳಿಯಲ್ಲಿ ಕಾಯುತ್ತಿದ್ದರು. ತಮ್ಮ ಬದುಕಿನಲ್ಲಿ ಕಂಡ ನಿಜವಾದ ವೀರಳೆಂದರೆ ತಾಯಿಯೇ ಎಂಬ ಮಾತನ್ನು ಸಮ್ಮಾರ್ಟಿನೊ ಕೊನೆಯವರೆಗೂ ಹೇಳುತ್ತಿದ್ದರು.

ಪಿಟ್ಸ್‌ಬರ್ಗ್‌ಗೆ ವಲಸೆ

1950ರಲ್ಲಿ ತಾಯಿ ಮತ್ತು ಮಕ್ಕಳು ಪಿಟ್ಸ್‌ಬರ್ಗ್‌ನಲ್ಲಿದ್ದ ತಂದೆಯನ್ನು ಸೇರಿಕೊಂಡರು. ಯುದ್ಧಕಾಲದ ಉಪವಾಸ ಮತ್ತು ಕಾಯಿಲೆಗಳಿಂದ ಬ್ರೂನೋ ಆಗ ತೀರ ಕೃಶರಾಗಿದ್ದರು. ಇಂಗ್ಲಿಷ್ ಭಾಷೆಯಂತೂ ಬರುತ್ತಿರಲಿಲ್ಲ. ಶೆನ್ಲಿ ಪ್ರೌಢಶಾಲೆಯಲ್ಲಿ ಸಹಪಾಠಿಗಳ ಗೇಲಿಗೂ ಹೊಡೆತಕ್ಕೂ ಗುರಿಯಾಗಬೇಕಾಯಿತು. ಮೈಯಲ್ಲಿ ಶಕ್ತಿ ಕೂಡಿಸಿಕೊಳ್ಳಬೇಕೆಂಬ ಹಟದಿಂದ ಅವರು ಭಾರ ಎತ್ತುವ ಅಭ್ಯಾಸಕ್ಕೂ ಕುಸ್ತಿಗೂ ತೊಡಗಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕುಸ್ತಿ ತಂಡದ ತರಬೇತುದಾರ ರೆಕ್ಸ್ ಪೀರಿ ತಮ್ಮ ತಂಡದ ಜೊತೆ ಅಭ್ಯಾಸ ಮಾಡಲು ಅವರಿಗೆ ಅವಕಾಶ ಕೊಟ್ಟರು.

ಕೆಲವೇ ವರ್ಷಗಳಲ್ಲಿ ಆ ಕೃಶ ದೇಹ ಸುಮಾರು 120 ಕಿಲೋಗ್ರಾಂ ತೂಕದ ಬಲಿಷ್ಠ ದೇಹವಾಗಿ ಬೆಳೆಯಿತು. 1959ರಲ್ಲಿ ಸಮ್ಮಾರ್ಟಿನೊ ಬೆಂಚ್ ಪ್ರೆಸ್ ವಿಧಾನದಲ್ಲಿ 565 ಪೌಂಡ್, ಅಂದರೆ ಸುಮಾರು 256 ಕಿಲೋಗ್ರಾಂ ಭಾರವೆತ್ತಿ ವಿಶ್ವದಾಖಲೆ ಮಾಡಿದರು. ಬೆನ್ನ ಮೇಲೆ ಮಲಗಿ, ಎದೆಯ ಮಟ್ಟದಿಂದ ಭಾರವನ್ನು ತೋಳಿನ ಬಲದಿಂದ ಮೇಲಕ್ಕೆ ತಳ್ಳುವ ವಿಧಾನವಿದು. ದೇಹಕ್ಕೆ ಆಸರೆ ಕೊಡುವ ವಿಶೇಷ ಉಡುಪುಗಳು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಈ ಅವಧಿಯಲ್ಲಿ ಅವರು ಹೊಟ್ಟೆಪಾಡಿಗಾಗಿ ಕಟ್ಟಡ ಕಾಮಗಾರಿಗಳಲ್ಲಿ ಕೂಲಿ ಮಾಡುತ್ತಿದ್ದರು.

ವೃತ್ತಿಪರ ಕುಸ್ತಿಯ ಸ್ವರೂಪ

ಸಮ್ಮಾರ್ಟಿನೊ ಅವರ ವೃತ್ತಿಜೀವನವನ್ನು ಅರಿಯಲು ಅಮೆರಿಕದ ವೃತ್ತಿಪರ ಕುಸ್ತಿಗೂ ಗರಡಿಮನೆಯ ಅಥವಾ ಒಲಿಂಪಿಕ್ ಕುಸ್ತಿಗೂ ಇರುವ ವ್ಯತ್ಯಾಸವನ್ನು ತಿಳಿದಿರಬೇಕು. ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರು ಎಂಬುದನ್ನು ಸಂಘಟಕರು ಮೊದಲೇ ನಿರ್ಧರಿಸಿರುತ್ತಾರೆ. ಇಬ್ಬರೂ ಕುಸ್ತಿಪಟುಗಳು ಪರಸ್ಪರ ಸಹಕಾರದಿಂದ ಸೆಣಸಾಟವನ್ನು ನಡೆಸಿಕೊಡುತ್ತಾರೆ. ಒಬ್ಬ ನಾಯಕ, ಇನ್ನೊಬ್ಬ ಖಳನಾಯಕ ಎಂಬ ವಿಂಗಡಣೆ ಇರುತ್ತದೆ. ಆದರೆ ಬೀಳುವ ಪೆಟ್ಟುಗಳು, ಮುರಿಯುವ ಮೂಳೆಗಳು ನಿಜವಾದವು. ಪ್ರೇಕ್ಷಕರು ಹಣ ಕೊಟ್ಟು ಟಿಕೆಟ್ ಕೊಳ್ಳುವುದೂ ನಿಜವಾದದ್ದೇ. ಒಬ್ಬ ಕುಸ್ತಿಪಟುವನ್ನು ವರ್ಷಗಟ್ಟಲೆ ಚಾಂಪಿಯನ್ ಆಗಿ ಉಳಿಸಿಕೊಂಡರೆ, ಅವನ ಹೆಸರಿಗೆ ಜನ ಸೇರುತ್ತಿದ್ದಾರೆ ಎಂದೇ ಅರ್ಥ. ಆದ್ದರಿಂದ 2,803 ದಿನಗಳ ದಾಖಲೆ ಜನಪ್ರಿಯತೆಯ ಅಳತೆಗೋಲು.

ಆ ಕಾಲದಲ್ಲಿ ಅಮೆರಿಕದ ಕುಸ್ತಿ ವ್ಯವಹಾರ ಪ್ರಾಂತ್ಯಗಳಾಗಿ ಹಂಚಿಹೋಗಿತ್ತು. ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್ ಮುಂತಾದ ಈಶಾನ್ಯ ನಗರಗಳು ಸಂಘಟಕ ವಿನ್ಸೆಂಟ್ ಜೆ. ಮೆಕ್‌ಮ್ಯಾಹನ್ ಅವರ ಹಿಡಿತದಲ್ಲಿದ್ದವು. ಯುರೋಪಿನಿಂದ ವಲಸೆ ಬಂದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದ ನಗರಗಳಿವು. 1950ರ ದಶಕದಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣವನ್ನು ತುಂಬಿಸುತ್ತಿದ್ದ ಆಂಟೊನಿನೊ ರೊಕ್ಕ ಇಟಲಿಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದವರು. ಇಟಾಲಿಯನ್ನರೂ ಸ್ಪ್ಯಾನಿಷ್ ಭಾಷಿಕರೂ ಅವರನ್ನು ಸಮಾನವಾಗಿ ಮೆಚ್ಚುತ್ತಿದ್ದರು. ಪ್ರೇಕ್ಷಕರ ಮೂಲಕ್ಕೆ ಹೊಂದುವ ನಾಯಕನನ್ನು ಮುಂದಿಡುವುದು ಲಾಭದಾಯಕ ಎಂಬ ಪಾಠವನ್ನು ಸಂಘಟಕರು ಆಗಲೇ ಕಲಿತಿದ್ದರು.

ವೃತ್ತಿಯ ಆರಂಭ ಮತ್ತು ಟೊರಾಂಟೊ

ಪಿಟ್ಸ್‌ಬರ್ಗ್‌ನ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಸಮ್ಮಾರ್ಟಿನೊ ತೋರಿಸಿದ ಬಲಪ್ರದರ್ಶನವು ಕುಸ್ತಿ ಸಂಘಟಕರ ಗಮನ ಸೆಳೆಯಿತು. 1959ರ ಡಿಸೆಂಬರ್‌ನಲ್ಲಿ ಅವರು ಅದೇ ನಗರದಲ್ಲಿ ಮೊದಲ ಬಾರಿಗೆ ವೃತ್ತಿಪರ ಕಣಕ್ಕಿಳಿದು ಎದುರಾಳಿಯನ್ನು 19 ಸೆಕೆಂಡುಗಳಲ್ಲಿ ಚಿತ್ ಮಾಡಿದರು. ಮರುತಿಂಗಳೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾಣಿಸಿಕೊಂಡರು. 600 ಪೌಂಡ್‌ಗಿಂತ ಹೆಚ್ಚು ತೂಗುತ್ತಾನೆಂದು ಪ್ರಚಾರ ಪಡೆದಿದ್ದ ಹೇಸ್ಟ್ಯಾಕ್ಸ್ ಕ್ಯಾಲ್ಹೂನ್ ಎಂಬ ಕುಸ್ತಿಪಟುವನ್ನು ಎತ್ತಿ ಹಾಕಿದ ಮೇಲೆ ಅವರ ಹೆಸರು ಹರಡಿತು.

ಈ ಏಳಿಗೆ ಬಹುಕಾಲ ಉಳಿಯಲಿಲ್ಲ. ಒಂದೇ ದಿನ ಎರಡು ಊರುಗಳಲ್ಲಿ ಅವರ ಸ್ಪರ್ಧೆ ನಿಗದಿಯಾಗಿ, ಬಾಲ್ಟಿಮೋರ್‌ನ ಸ್ಪರ್ಧೆಗೆ ಹಾಜರಾಗಲಿಲ್ಲವೆಂಬ ಕಾರಣಕ್ಕೆ ಅವರನ್ನು ಅಮಾನತುಗೊಳಿಸಲಾಯಿತು. ಆ ಸ್ಪರ್ಧೆಯ ವಿಷಯವನ್ನು ತಮಗೆ ತಿಳಿಸಿಯೇ ಇರಲಿಲ್ಲ ಎಂದು ಸಮ್ಮಾರ್ಟಿನೊ ಕೊನೆಯವರೆಗೂ ವಾದಿಸಿದರು. ಅಮಾನತಿನ ಆದೇಶವನ್ನು ಇತರ ರಾಜ್ಯಗಳೂ ಮಾನ್ಯ ಮಾಡಿದ್ದರಿಂದ ಎಲ್ಲಿಯೂ ಕಣಕ್ಕಿಳಿಯುವಂತಿರಲಿಲ್ಲ. ಅವರು ಪಿಟ್ಸ್‌ಬರ್ಗ್‌ಗೆ ಹಿಂದಿರುಗಿ ಮತ್ತೆ ಕೂಲಿ ಕೆಲಸ ಹಿಡಿದರು.

ಕೆನಡಾದ ಟೊರಾಂಟೊ ನಗರದಲ್ಲಿ ಅಂಥ ತಡೆ ಇರಲಿಲ್ಲ. ಸಹ ಕುಸ್ತಿಪಟು ಯೂಕಾನ್ ಎರಿಕ್ ಅವರ ಸಲಹೆಯಂತೆ 1962ರಲ್ಲಿ ಸಮ್ಮಾರ್ಟಿನೊ ಅಲ್ಲಿನ ಸಂಘಟಕ ಫ್ರಾಂಕ್ ಟನ್ನಿ ಅವರನ್ನು ಸಂಪರ್ಕಿಸಿದರು. ಯುದ್ಧಾನಂತರದ ವರ್ಷಗಳಲ್ಲಿ ಇಟಲಿಯ ಅಸಂಖ್ಯಾತ ಕುಟುಂಬಗಳು ಟೊರಾಂಟೊಗೆ ವಲಸೆ ಬಂದಿದ್ದವು. ಸಮ್ಮಾರ್ಟಿನೊ ಅಲ್ಲಿನ ಇಟಾಲಿಯನ್ ಪತ್ರಿಕೆಗಳಿಗೂ ರೇಡಿಯೊ ಕಾರ್ಯಕ್ರಮಗಳಿಗೂ ಹೋಗಿ ತಮ್ಮ ಭಾಷೆಯಲ್ಲೇ ಮಾತನಾಡಿದರು. ಕಣದ ಸುತ್ತ ಜನ ಕಿಕ್ಕಿರಿಯತೊಡಗಿದರು. ಅಮೆರಿಕದಲ್ಲಿ ಬಾಗಿಲು ಮುಚ್ಚಿಸಿಕೊಂಡಿದ್ದ ವಲಸಿಗನೊಬ್ಬನನ್ನು ಮತ್ತೊಂದು ದೇಶದ ವಲಸಿಗರೇ ಎತ್ತಿ ನಿಲ್ಲಿಸಿದರು.

ಮೊದಲ ಅವಧಿ (1963–1971)

1963ರ ಆರಂಭದಲ್ಲಿ ಮೆಕ್‌ಮ್ಯಾಹನ್ ಮತ್ತು ಸಂಗಡಿಗರು ರಾಷ್ಟ್ರೀಯ ಒಕ್ಕೂಟದಿಂದ ಬೇರ್ಪಟ್ಟು ತಮ್ಮದೇ ಫೆಡರೇಶನ್ ಸ್ಥಾಪಿಸಿ, ಬಡ್ಡಿ ರಾಜರ್ಸ್ ಅವರನ್ನು ಅದರ ಪ್ರಥಮ ಚಾಂಪಿಯನ್ ಎಂದು ಘೋಷಿಸಿದರು. ಹೊಸ ಸಂಸ್ಥೆಗೆ ಜನರನ್ನು ಸೆಳೆಯುವ ಮುಖವೊಂದು ಬೇಕಾಗಿತ್ತು. ಟೊರಾಂಟೊದಲ್ಲಿ ಸಮ್ಮಾರ್ಟಿನೊ ಗಳಿಸಿದ್ದ ಜನಪ್ರಿಯತೆಯನ್ನು ಕಂಡ ಮೆಕ್‌ಮ್ಯಾಹನ್ ಅವರನ್ನು ಹಿಂದಕ್ಕೆ ಕರೆಸಿಕೊಂಡರು. 1963ರ ಮೇ 17ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಮ್ಮಾರ್ಟಿನೊ ಕೇವಲ 48 ಸೆಕೆಂಡುಗಳಲ್ಲಿ ರಾಜರ್ಸ್ ಅವರನ್ನು ಸೋಲಿಸಿ ಪಟ್ಟವೇರಿದರು. ರಾಜರ್ಸ್ ಹೃದಯದ ತೊಂದರೆಯಿಂದ ಬಳಲುತ್ತಿದ್ದರು, ಆದ್ದರಿಂದಲೇ ಸ್ಪರ್ಧೆ ಅಷ್ಟು ಬೇಗ ಮುಗಿಯಿತು ಎಂಬ ವಾದವೂ ಇದೆ. ಸಮ್ಮಾರ್ಟಿನೊ ಇದನ್ನು ಒಪ್ಪಲಿಲ್ಲ.

ಮುಂದಿನ ಏಳೂವರೆ ವರ್ಷ ಒಂದು ನಿಶ್ಚಿತ ಕ್ರಮದಲ್ಲಿ ಸ್ಪರ್ಧೆಗಳು ನಡೆದವು. ಹೊಸ ಖಳನಾಯಕನೊಬ್ಬ ದೂರದರ್ಶನದಲ್ಲಿ ಚಿಕ್ಕಪುಟ್ಟ ಕುಸ್ತಿಪಟುಗಳನ್ನು ಸುಲಭವಾಗಿ ಸೋಲಿಸಿ ಭೀತಿ ಹುಟ್ಟಿಸುತ್ತಿದ್ದನು. ಬಳಿಕ ಚಾಂಪಿಯನ್‌ಗೆ ಸವಾಲು ಹಾಕುತ್ತಿದ್ದನು. ಗಾರ್ಡನ್‌ನಲ್ಲಿ ನಡೆಯುವ ಮೊದಲ ಸ್ಪರ್ಧೆ ಹಲವು ವೇಳೆ ತೀರ್ಮಾನವಾಗದೆ ಮುಗಿದು, ಮುಂದಿನ ತಿಂಗಳ ಪ್ರದರ್ಶನಕ್ಕೆ ಕುತೂಹಲ ಉಳಿಸುತ್ತಿತ್ತು. ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ಸಮ್ಮಾರ್ಟಿನೊ ಗೆಲ್ಲುತ್ತಿದ್ದರು. ಆ ಬಳಿಕ ಅದೇ ಸರಣಿ ಬೇರೆ ಬೇರೆ ನಗರಗಳನ್ನು ಸುತ್ತುತ್ತಿತ್ತು. ಎದುರಾಳಿಯನ್ನು ಎರಡೂ ತೋಳುಗಳಿಂದ ಬಿಗಿದಪ್ಪಿ ಉಸಿರು ಕಟ್ಟಿಸುವ ಕರಡಿ ಅಪ್ಪುಗೆ ಅವರ ಪ್ರಸಿದ್ಧ ಪಟ್ಟಾಗಿತ್ತು. ಕಿಲ್ಲರ್ ಕೊವಾಲ್ಸ್ಕಿ, ಗೊರಿಲ್ಲಾ ಮಾನ್ಸೂನ್, ವಾಲ್ಡೊ ವಾನ್ ಎರಿಕ್, ಬಿಲ್ ವಾಟ್ಸ್, ಜಾರ್ಜ್ ಸ್ಟೀಲ್ ಮೊದಲಾದವರು ಆ ಕಾಲದ ಅವರ ಪ್ರಮುಖ ಎದುರಾಳಿಗಳು.

ಗಾರ್ಡನ್‌ನಲ್ಲಿ ಸಮ್ಮಾರ್ಟಿನೊ ಅವರ 187 ಪ್ರದರ್ಶನಗಳ ಟಿಕೆಟ್‌ಗಳು ಪೂರ್ತಿ ಮಾರಾಟವಾಗಿದ್ದವು ಎಂಬ ಸಂಖ್ಯೆ ಪ್ರಚಾರ ಸಾಹಿತ್ಯದಲ್ಲಿ ಪದೇ ಪದೇ ಬರುತ್ತದೆ. ಹಾಜರಾತಿಯ ದಾಖಲೆಗಳನ್ನು ಪರಿಶೀಲಿಸಿದ ಕುಸ್ತಿ ಇತಿಹಾಸಕಾರರು ಇದನ್ನು ಉತ್ಪ್ರೇಕ್ಷೆ ಎಂದು ಭಾವಿಸುತ್ತಾರೆ. ಆದರೂ ಆ ಕ್ರೀಡಾಂಗಣಕ್ಕೆ ಅಷ್ಟು ದೀರ್ಘಕಾಲ ಜನರನ್ನು ಸೆಳೆದ ಕುಸ್ತಿಪಟುಗಳು ವಿರಳ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ವೇಷದ ವಿದೇಶಿಯರು ಮತ್ತು ನಿಜವಾದ ವಲಸಿಗ

ಸಮ್ಮಾರ್ಟಿನೊ ಅವರ ಎದುರಾಳಿಗಳಲ್ಲಿ ಹಲವರನ್ನು ವಿದೇಶಿ ಶತ್ರುಗಳೆಂದು ಪರಿಚಯಿಸಲಾಗುತ್ತಿತ್ತು. ಅವರ ವಿದೇಶಿತನ ಬಹುಪಾಲು ಕಲ್ಪಿತವಾದದ್ದು. ಜರ್ಮನ್ ಎಂದು ತೋರಿಸಲ್ಪಟ್ಟ ವಾಲ್ಡೊ ವಾನ್ ಎರಿಕ್ ಕೆನಡಾದವರು. ಮಂಚೂರಿಯಾದ ಕಾಡುಮನುಷ್ಯನೆಂಬ ಪ್ರಚಾರ ಪಡೆದ ಗೊರಿಲ್ಲಾ ಮಾನ್ಸೂನ್ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನ ರಾಬರ್ಟ್ ಮರೆಲ್ಲ. ಅವರೂ ಇಟಾಲಿಯನ್ ಮೂಲದವರೇ. ಜಪಾನಿ ಪ್ರೊಫೆಸರ್ ಟೊರು ತನಕ ಹವಾಯಿಯವರು, ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದವರು. ರಷ್ಯದ ಕರಡಿ ಎಂಬ ಬಿರುದಿನ ಇವಾನ್ ಕೊಲೊಫ್ ಕೆನಡಾದ ಕುಸ್ತಿಪಟು. ಎರಡನೆಯ ಮಹಾಯುದ್ಧದ ನೆನಪು, ಶೀತಲ ಸಮರದ ಭಯ, ಜನಾಂಗೀಯ ಪೂರ್ವಗ್ರಹ ಇವೆಲ್ಲವನ್ನೂ ಸಂಘಟಕರು ಟಿಕೆಟ್ ಮಾರಾಟಕ್ಕೆ ಬಳಸಿಕೊಳ್ಳುತ್ತಿದ್ದರು.

ಈ ಕಲ್ಪಿತ ವಿದೇಶಿಯರ ನಡುವೆ ಸಮ್ಮಾರ್ಟಿನೊ ನಿಜವಾಗಿ ಹೊರದೇಶದಿಂದ ಬಂದವರು, ಮತ್ತು ಅವರೇ ನಾಯಕರು. ನಾಜಿ ವೇಷದ ಎದುರಾಳಿಯ ಮುಂದೆ ನಿಂತ ಚಾಂಪಿಯನ್, ಬಾಲ್ಯದಲ್ಲಿ ನಿಜವಾದ ಜರ್ಮನ್ ಸೈನಿಕರಿಗೆ ಹೆದರಿ ಬೆಟ್ಟದಲ್ಲಿ ಅಡಗಿದ್ದವರು. ಭಾಷೆ ಬಾರದೆ ಶಾಲೆಯಲ್ಲಿ ಪೆಟ್ಟು ತಿಂದದ್ದು, ಕೂಲಿ ಮಾಡಿದ್ದು, ತಂದೆತಾಯಿಯರ ಬಗೆಗಿನ ಗೌರವ ಇವೆಲ್ಲ ಪ್ರೇಕ್ಷಕರ ಮನೆಗಳಲ್ಲೂ ನಡೆದ ಸಂಗತಿಗಳು. ಇಟಾಲಿಯನ್ನರಷ್ಟೇ ಅಲ್ಲದೆ ಗ್ರೀಕ್, ಪೋಲಿಷ್, ಯಹೂದಿ, ಪೋರ್ಟೊರಿಕನ್ ಮೂಲದ ಅಭಿಮಾನಿಗಳೂ ಅವರನ್ನು ತಮ್ಮವರೆಂದು ಭಾವಿಸಿದರು.

1971ರ ಸೋಲು

ನಿರಂತರ ಪ್ರಯಾಣ ಮತ್ತು ಗಾಯಗಳಿಂದ ಬಳಲಿದ್ದ ಸಮ್ಮಾರ್ಟಿನೊ ತಮ್ಮನ್ನು ಚಾಂಪಿಯನ್ ಹೊಣೆಯಿಂದ ಬಿಡುಗಡೆ ಮಾಡಬೇಕೆಂದು ಮೆಕ್‌ಮ್ಯಾಹನ್ ಅವರನ್ನು ಕೇಳಿಕೊಂಡರು. 1971ರ ಜನವರಿ 18ರಂದು ಗಾರ್ಡನ್‌ನಲ್ಲಿ ಇವಾನ್ ಕೊಲೊಫ್ ಸಮ್ಮಾರ್ಟಿನೊ ಅವರನ್ನು ಚಿತ್ ಮಾಡಿದರು. ಮೂರೆಣಿಕೆ ಮುಗಿದಾಗ ಇಡೀ ಕ್ರೀಡಾಂಗಣ ಸ್ತಬ್ಧವಾಯಿತು. ಏನೂ ಕೇಳಿಸದಿದ್ದುದರಿಂದ ತಮ್ಮ ಕಿವಿಗೇ ಪೆಟ್ಟಾಗಿದೆಯೆಂದು ಒಂದು ಕ್ಷಣ ಭ್ರಮಿಸಿದ್ದಾಗಿ ಸಮ್ಮಾರ್ಟಿನೊ ಮುಂದೆ ನೆನಪಿಸಿಕೊಂಡಿದ್ದಾರೆ. ಬಳಿಕ ಅಳುವ ದನಿಗಳು ಕೇಳಿಬಂದವು. ಗಲಭೆಯಾಗುವ ಭಯದಿಂದ ಕೊಲೊಫ್ ಅವರಿಗೆ ಕಣದಲ್ಲಿ ಬೆಲ್ಟ್ ತೊಡಿಸಲಿಲ್ಲ.

ಕೊಲೊಫ್ ಮೂರು ವಾರಗಳಲ್ಲೇ ಪಟ್ಟವನ್ನು ಪೆಡ್ರೊ ಮೊರಾಲೆಸ್ ಅವರಿಗೆ ಬಿಟ್ಟುಕೊಟ್ಟರು. ಮೊರಾಲೆಸ್ ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿದವರು; ನ್ಯೂಯಾರ್ಕ್‌ನಲ್ಲಿ ಅವರ ನಾಡಿನವರ ಸಂಖ್ಯೆ ದೊಡ್ಡದಾಗಿತ್ತು. ಸಮ್ಮಾರ್ಟಿನೊ ಅವರ ಯಶಸ್ಸಿನ ಸೂತ್ರವನ್ನೇ ಸಂಘಟಕರು ಮುಂದುವರಿಸಿದ್ದರು. 1972ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್‌ನ ಶಿಯಾ ಕ್ರೀಡಾಂಗಣದಲ್ಲಿ ಈ ಇಬ್ಬರು ಜನಪ್ರಿಯ ನಾಯಕರ ನಡುವೆ ನಡೆದ ಸ್ಪರ್ಧೆ 75 ನಿಮಿಷಗಳ ಬಳಿಕ ಸಮಬಲದಲ್ಲಿ ಮುಗಿಯಿತು.

ಎರಡನೆಯ ಅವಧಿ ಮತ್ತು ಕತ್ತಿನ ಗಾಯ (1973–1977)

1973ರಲ್ಲಿ ಮೆಕ್‌ಮ್ಯಾಹನ್ ಪುನಃ ಚಾಂಪಿಯನ್ ಆಗುವಂತೆ ಕೋರಿದಾಗ ಸಮ್ಮಾರ್ಟಿನೊ ಸ್ಪರ್ಧೆಗಳ ಸಂಖ್ಯೆ ಕಡಿಮೆಯಿರಬೇಕು, ಟಿಕೆಟ್ ಆದಾಯದಲ್ಲಿ ಪಾಲು ಸಿಗಬೇಕು ಎಂಬ ಷರತ್ತುಗಳೊಡನೆ ಒಪ್ಪಿದರು. ಡಿಸೆಂಬರ್ 10ರಂದು ಸ್ಟಾನ್ ಸ್ಟೇಸಿಯಾಕ್ ಅವರನ್ನು ಸೋಲಿಸಿ ಎರಡನೆಯ ಬಾರಿ ಪಟ್ಟ ಪಡೆದರು.

1976ರ ಏಪ್ರಿಲ್ 26ರಂದು ಗಾರ್ಡನ್‌ನಲ್ಲಿ ಯುವ ಕುಸ್ತಿಪಟು ಸ್ಟಾನ್ ಹ್ಯಾನ್ಸನ್ ಸಮ್ಮಾರ್ಟಿನೊ ಅವರನ್ನು ಎತ್ತಿ ನೆಲಕ್ಕೆ ಹಾಕುವಾಗ ಹಿಡಿತ ತಪ್ಪಿ ಸಮ್ಮಾರ್ಟಿನೊ ಅವರ ಕತ್ತಿನ ಮೂಳೆ ಮುರಿಯಿತು. ಪಾರ್ಶ್ವವಾಯುವಿನ ಅಪಾಯ ಕೂದಲೆಳೆಯಲ್ಲಿ ತಪ್ಪಿತ್ತು. ಸಂಘಟಕರು ಈ ಅಪಘಾತವನ್ನೂ ಕಥೆಯನ್ನಾಗಿ ಮಾಡಿ, ಹ್ಯಾನ್ಸನ್ ತಮ್ಮ ಪ್ರಸಿದ್ಧ ತೋಳಿನ ಹೊಡೆತದಿಂದ ಚಾಂಪಿಯನ್‌ನ ಕತ್ತು ಮುರಿದರೆಂದು ಪ್ರಚಾರ ಮಾಡಿದರು. ಜೂನ್ 25ರಂದು ಶಿಯಾ ಕ್ರೀಡಾಂಗಣದಲ್ಲಿ ಮುಹಮ್ಮದ್ ಅಲಿ ಮತ್ತು ಆಂಟೊನಿಯೊ ಇನೊಕಿ ನಡುವೆ ಟೋಕಿಯೊದಲ್ಲಿ ನಡೆದ ಸ್ಪರ್ಧೆಯ ನೇರ ಪ್ರಸಾರ ಏರ್ಪಟ್ಟಿತ್ತು. ಅದೇ ಕಾರ್ಯಕ್ರಮಕ್ಕಾಗಿ ಸಮ್ಮಾರ್ಟಿನೊ ಎರಡೇ ತಿಂಗಳಲ್ಲಿ ಪೂರ್ಣ ಗುಣವಾಗುವ ಮುನ್ನ ಕಣಕ್ಕಿಳಿದು ಹ್ಯಾನ್ಸನ್ ವಿರುದ್ಧ ಗೆದ್ದರು. 1977ರ ಏಪ್ರಿಲ್ 30ರಂದು ಬಾಲ್ಟಿಮೋರ್‌ನಲ್ಲಿ ಸೂಪರ್‌ಸ್ಟಾರ್ ಬಿಲ್ಲಿ ಗ್ರಹಾಂ ಅವರಿಗೆ ಪಟ್ಟ ಬಿಟ್ಟುಕೊಟ್ಟರು.

ಗುರು ಮತ್ತು ಶಿಷ್ಯ

ಕೊನೆಯ ದೊಡ್ಡ ಹಣಾಹಣಿ ನಡೆದದ್ದು ಅವರು ತರಬೇತಿ ನೀಡಿದ್ದ ಪಿಟ್ಸ್‌ಬರ್ಗ್‌ನ ಲ್ಯಾರಿ ಜ್ಬಿಸ್ಕೊ ಜೊತೆ. ಲ್ಯಾರಿ ತಮ್ಮ ಕಣದ ಹೆಸರನ್ನು ಪೋಲೆಂಡಿನ ಹಿಂದಿನ ತಲೆಮಾರಿನ ಮಲ್ಲ ಸ್ಟಾನಿಸ್ಲಾಸ್ ಜ್ಬಿಸ್ಕೊ ಅವರಿಂದ ಪಡೆದಿದ್ದರು. 1928ರಲ್ಲಿ ಪಟಿಯಾಲದಲ್ಲಿ ಭಾರತದ ಗಾಮಾ ಪೈಲ್ವಾನರು ಸೋಲಿಸಿದ್ದು ಆ ಹಿರಿಯ ಜ್ಬಿಸ್ಕೊ ಅವರನ್ನೇ. 1980ರ ಆರಂಭದಲ್ಲಿ ಸ್ನೇಹದ ಪ್ರದರ್ಶನ ಪಂದ್ಯವೊಂದರಲ್ಲಿ ಶಿಷ್ಯನು ಗುರುವನ್ನು ಕುರ್ಚಿಯಿಂದ ಹೊಡೆದು ರಕ್ತ ಹರಿಸಿದ ಪ್ರಸಂಗವನ್ನು ಹೆಣೆಯಲಾಯಿತು. ಪ್ರೇಕ್ಷಕರು ಇದನ್ನು ಕುಟುಂಬದೊಳಗಿನ ದ್ರೋಹವೆಂಬಂತೆ ಕಂಡರು. ಆಗಸ್ಟ್ 9ರಂದು ಶಿಯಾ ಕ್ರೀಡಾಂಗಣದಲ್ಲಿ ಉಕ್ಕಿನ ಪಂಜರದೊಳಗೆ ನಡೆದ ನಿರ್ಣಾಯಕ ಸ್ಪರ್ಧೆಗೆ 36,000ಕ್ಕೂ ಹೆಚ್ಚು ಜನ ಸೇರಿದ್ದರೆಂದು ಪ್ರಕಟಿಸಲಾಯಿತು. ಸಮ್ಮಾರ್ಟಿನೊ ಗೆದ್ದರು. ಮರುವರ್ಷ ಅವರು ಪೂರ್ಣಾವಧಿ ಕುಸ್ತಿಯಿಂದ ನಿವೃತ್ತರಾದರು.

ಸಂಸ್ಥೆಯೊಡನೆ ಭಿನ್ನಾಭಿಪ್ರಾಯ

ಎರಡನೆಯ ಅವಧಿಯಲ್ಲಿ ಒಪ್ಪಿಕೊಂಡಿದ್ದ ಆದಾಯದ ಪಾಲು ತಮಗೆ ಪೂರ್ತಿಯಾಗಿ ದೊರೆತಿಲ್ಲವೆಂದು ಸಮ್ಮಾರ್ಟಿನೊ ನಿವೃತ್ತಿಯ ಬಳಿಕ ಮೊಕದ್ದಮೆ ಹೂಡಿದರು. ಪ್ರಕರಣ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. 1984ರಲ್ಲಿ ಅವರು ವೀಕ್ಷಕ ವಿವರಣೆಕಾರರಾಗಿ ಸಂಸ್ಥೆಗೆ ಮರಳಿದರು. ಕುಸ್ತಿಪಟುವಾಗಿದ್ದ ಮಗ ಡೇವಿಡ್‌ಗೆ ನೆರವಾಗಲೆಂದು ಮತ್ತೆ ಕೆಲವು ಸ್ಪರ್ಧೆಗಳಲ್ಲಿಯೂ ಪಾಲ್ಗೊಂಡರು. 1987ರ ಆಗಸ್ಟ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಹಲ್ಕ್ ಹೋಗನ್ ಜೊತೆಗೂಡಿ ಆಡಿದ ಜೋಡಿ ಪಂದ್ಯ ಅವರ ಕೊನೆಯದು. 1988ರಲ್ಲಿ ಅವರು ಸಂಸ್ಥೆಯಿಂದ ದೂರ ಸರಿದರು.

ಕುಸ್ತಿ ಲೋಕದಲ್ಲಿ ಹೆಚ್ಚುತ್ತಿದ್ದ ಸ್ಟೆರಾಯ್ಡ್ ಮತ್ತು ಇತರ ಮಾದಕ ವಸ್ತುಗಳ ಬಳಕೆಯನ್ನೂ, ನಂತರದ ವರ್ಷಗಳ ಅಶ್ಲೀಲ ಕಥಾನಕಗಳನ್ನೂ ಅವರು ದೂರದರ್ಶನದಲ್ಲಿ, ಪತ್ರಿಕೆಗಳಲ್ಲಿ ಬಹಿರಂಗವಾಗಿ ಟೀಕಿಸಿದರು. ಮಾತನಾಡಿದರೆ ವೃತ್ತಿ ಉಳಿಯದೆಂಬ ಭಯದಿಂದ ಬಹುತೇಕರು ಮೌನವಾಗಿದ್ದ ಕಾಲವದು. ಸಂಸ್ಥೆಯು ತನ್ನ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಲು ಹಲವು ಬಾರಿ ಆಹ್ವಾನಿಸಿದರೂ ನಿರಾಕರಿಸುತ್ತಲೇ ಬಂದರು. ಅತಿ ದೀರ್ಘಕಾಲ ಚಾಂಪಿಯನ್ ಆಗಿದ್ದವರ ಹೆಸರೇ ಇಲ್ಲದ ಆ ಪಟ್ಟಿ ವರ್ಷಗಳ ಕಾಲ ಅಪೂರ್ಣವಾಗಿ ಉಳಿಯಿತು.

ಸಂಸ್ಥೆಯು ಮಾದಕ ವಸ್ತು ಪರೀಕ್ಷೆಯ ನಿಯಮಗಳನ್ನು ಜಾರಿಗೆ ತಂದು, ಕಾರ್ಯಕ್ರಮಗಳ ಧಾಟಿಯನ್ನು ಬದಲಿಸಿದ ಮೇಲೆ ನಿಲುವು ಸಡಿಲವಾಯಿತು. ಟ್ರಿಪಲ್ ಎಚ್ ಎಂದು ಪ್ರಸಿದ್ಧರಾದ ಪಾಲ್ ಲೆವೆಸ್ಕ್ ಮಾತುಕತೆ ನಡೆಸಿದರು. 2013ರ ಏಪ್ರಿಲ್ 6ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲೇ ನಡೆದ ಸಮಾರಂಭದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರು ಸಮ್ಮಾರ್ಟಿನೊ ಅವರನ್ನು ಪಟ್ಟಿಗೆ ಬರಮಾಡಿಕೊಂಡರು. ಶ್ವಾರ್ಜ್‌ನೆಗರ್ ಕೂಡ ಆಸ್ಟ್ರಿಯಾದಿಂದ ವಲಸೆ ಬಂದವರು.

ನಿಧನ ಮತ್ತು ಪ್ರಭಾವ

ಸಮ್ಮಾರ್ಟಿನೊ 2018ರ ಏಪ್ರಿಲ್ 18ರಂದು ಪಿಟ್ಸ್‌ಬರ್ಗ್‌ನಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ನಿಧನರಾದರು. ವಿಶ್ವದ ಅನೇಕ ನಗರಗಳಲ್ಲಿ ಸ್ಪರ್ಧಿಸಿದ್ದರೂ, 1950ರಲ್ಲಿ ಬಂದು ಸೇರಿದ ನಗರದ ಪರಿಸರವನ್ನು ಅವರು ಬಿಟ್ಟು ಹೋಗಲಿಲ್ಲ. ಹುಟ್ಟೂರಾದ ಪಿಜ್ಜೊಫೆರಾಟೊದ ಜೊತೆಗೂ ನಂಟು ಉಳಿಸಿಕೊಂಡಿದ್ದರು.

1980ರ ದಶಕದಲ್ಲಿ ವೃತ್ತಿಪರ ಕುಸ್ತಿಯು ರಾಷ್ಟ್ರವ್ಯಾಪಿ ದೂರದರ್ಶನ ಉದ್ಯಮವಾಗಿ ಬೆಳೆದಾಗ, ನಗರ ನಗರಗಳ ವಲಸಿಗ ಸಮುದಾಯಗಳನ್ನು ನೆಚ್ಚಿಕೊಂಡಿದ್ದ ಹಳೆಯ ಪದ್ಧತಿ ಹಿಂದೆ ಸರಿಯಿತು. ಆ ಉದ್ಯಮಕ್ಕೆ ಬುನಾದಿಯಾದ ಸಂಸ್ಥೆ ತನ್ನ ಮೊದಲ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದಕ್ಕೂ ಹೆಚ್ಚು ವರ್ಷ ಸಮ್ಮಾರ್ಟಿನೊ ಅವರ ಹೆಸರಿನ ಬಲದಿಂದ ನಡೆಯಿತು. ಫಲಿತಾಂಶ ಮೊದಲೇ ನಿರ್ಧಾರವಾಗುವ ಆಟದಲ್ಲಿ ಪ್ರೇಕ್ಷಕರ ನಂಬಿಕೆಯೇ ದೊಡ್ಡ ಬಂಡವಾಳ. ಆ ನಂಬಿಕೆಯನ್ನು ಅವರು ಗಳಿಸಿದ್ದು ಕಲ್ಪಿತ ಪಾತ್ರದಿಂದಲ್ಲ, ತಮ್ಮ ನಿಜವಾದ ಬದುಕಿನಿಂದ.